ಪೆಟ್ಟಿಗೆಯೊಳಗೊಂದು ಹೆಸರುಗಳ ಕಡತ

ಬೆಳಿಗ್ಗೆ ಕಚೇರಿಗೆ ಬಂದು, ಕಂಪ್ಯೂಟರ್ ಮುಂದೆ ಕುಳಿತು, ಹೆಸರು ಮತ್ತು ಪಾಸ್‌ವರ್ಡ್ ಒತ್ತಿ ಕೆಲಸ ಆರಂಭಿಸುವವರು ಇಂದು ಕೋಟಿಗಟ್ಟಲೆ ಇದ್ದಾರೆ. ಬ್ಯಾಂಕಿನ ಗುಮಾಸ್ತ, ಆಸ್ಪತ್ರೆಯ ದಾದಿ, ವಿಶ್ವವಿದ್ಯಾಲಯದ ವಿದ್ಯಾರ್ಥಿ, ಕಾರ್ಖಾನೆಯ ಉಗ್ರಾಣದ ಮೇಲ್ವಿಚಾರಕ ಎಲ್ಲರದ್ದೂ ಇದೇ ದಿನಚರಿ. ಒತ್ತಿದ ಅರೆಕ್ಷಣದಲ್ಲಿ ಬಾಗಿಲು ತೆರೆಯುತ್ತದೆ. ಆ ಅರೆಕ್ಷಣದಲ್ಲಿ 'ಈತ ನಮ್ಮವನೇ ಹೌದು, ಈತನಿಗೆ ಇಷ್ಟು ಅಧಿಕಾರವಿದೆ' ಎಂದು ಸಾಕ್ಷಿ ನುಡಿಯುವವರು ಯಾರು ಎಂದು ಯೋಚಿಸುವವರು ಮಾತ್ರ ವಿರಳ.

ಹಾಗೆ ಸಾಕ್ಷಿ ನುಡಿಯುವುದು ಡೈರೆಕ್ಟರಿ ಸರ್ವರ್ ಎಂಬ ತಂತ್ರಾಂಶ. ಸಂಸ್ಥೆಯಲ್ಲಿ ಯಾರಿದ್ದಾರೆ, ಯಾವ ವಿಭಾಗದವರು, ಯಾವ ಗುಂಪಿಗೆ ಸೇರಿದವರು, ಯಾವ ಬಾಗಿಲನ್ನು ತೆರೆಯಬಹುದು ಎಂಬ ವಿವರಗಳನ್ನೆಲ್ಲ ಒಂದೆಡೆ ಇಟ್ಟುಕೊಂಡು, ಕೇಳಿದವರಿಗೆ ಉತ್ತರ ಹೇಳುವುದೇ ಅದರ ಕೆಲಸ. ಅದರಲ್ಲಿ ಹೆಸರಿಲ್ಲದವನು, ಎದುರಿಗೇ ನಿಂತಿದ್ದರೂ, ಆ ಸಂಸ್ಥೆಯ ಕಂಪ್ಯೂಟರುಗಳ ಪಾಲಿಗೆ ಇಲ್ಲದವನೇ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ತಂತ್ರಾಂಶಗಳನ್ನು 'ಕಂಟೇನರ್' ಎಂಬ ಪೆಟ್ಟಿಗೆಯೊಳಗೆ ಕೂರಿಸಿ ನಡೆಸುವ ಪದ್ಧತಿ ವ್ಯಾಪಕವಾಗಿದೆ. ಡೈರೆಕ್ಟರಿ ಸರ್ವರನ್ನೂ ಹೀಗೆ ಪೆಟ್ಟಿಗೆಯೊಳಗೆ ಇಡಲಾಗುತ್ತಿದೆ. ಇಲ್ಲಿಯೇ ಒಂದು ಸ್ವಾರಸ್ಯವಿದೆ. ಕಂಟೇನರ್ ಹುಟ್ಟಿದ್ದು ಬೇಕೆಂದಾಗ ಎಸೆದು ಬೇರೊಂದನ್ನು ತರಲು. ಡೈರೆಕ್ಟರಿ ಹುಟ್ಟಿದ್ದು ಮರೆಯದೆ ನೆನಪಿಡಲು. ಮರೆವನ್ನೇ ಗುಣವಾಗಿ ಪಡೆದ ಪೆಟ್ಟಿಗೆಯೊಳಗೆ ನೆನಪನ್ನೇ ವೃತ್ತಿಯಾಗಿ ಪಡೆದ ತಂತ್ರಾಂಶ ಬಾಳುವುದು ಹೇಗೆ?

ಐವತ್ತು ಹೆಸರುಗಳ ಹಾಳೆ

ಡೈರೆಕ್ಟರಿ ಎಂದೊಡನೆ ಹಳೆಯ ತಲೆಮಾರಿನವರಿಗೆ ನೆನಪಾಗುವುದು ದೂರವಾಣಿ ಇಲಾಖೆಯ ದಪ್ಪ ಪುಸ್ತಕ. ಅದರ ಮೂಲ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರದಲ್ಲಿದೆ. 1878ರ ಫೆಬ್ರುವರಿಯಲ್ಲಿ ಅಲ್ಲಿ ಹೊರಬಂದ ಮೊದಲ ಟೆಲಿಫೋನ್ ಡೈರೆಕ್ಟರಿ ಪುಸ್ತಕವೇ ಅಲ್ಲ, ಒಂದೇ ಒಂದು ಹಾಳೆ. ಅದರಲ್ಲಿದ್ದುದು 50 ಹೆಸರುಗಳು. ದೂರವಾಣಿ ಸಂಖ್ಯೆಗಳೇ ಇರಲಿಲ್ಲ. ಹೆಸರು ಹೇಳಿದರೆ ಸಾಕು, ವಿನಿಮಯ ಕೇಂದ್ರದವರು ತಂತಿ ಜೋಡಿಸಿಕೊಡುತ್ತಿದ್ದರು.

ಕಂಪ್ಯೂಟರುಗಳು ಪರಸ್ಪರ ಮಾತನಾಡಲು ಶುರು ಮಾಡಿದ ಮೇಲೆ ಇಂಥದೇ ಪಟ್ಟಿಯ ಅಗತ್ಯ ಇನ್ನೊಂದು ರೂಪದಲ್ಲಿ ತಲೆದೋರಿತು. ಜಗತ್ತಿನ ದೂರಸಂಪರ್ಕ ಸಂಸ್ಥೆಗಳೆಲ್ಲ ಸೇರಿ ಇಡೀ ಪ್ರಪಂಚಕ್ಕೆ ಒಂದೇ ಡೈರೆಕ್ಟರಿಯ ಕನಸು ಕಂಡವು. 1988ರಲ್ಲಿ ಒಪ್ಪಿಗೆ ಪಡೆದ 'ಎಕ್ಸ್.500' ಎಂಬ ಮಾನದಂಡ ಆ ಕನಸಿನ ಫಲ. ಆದರೆ ಅದನ್ನು ನಡೆಸಲು ಬೇಕಾಗಿದ್ದ ಸಂಪರ್ಕ ವ್ಯವಸ್ಥೆ ಆನೆಯಷ್ಟು ಭಾರವಾಗಿತ್ತು. ಅಂದಿನ ಮೇಜಿನ ಮೇಲಿನ ಸಣ್ಣ ಕಂಪ್ಯೂಟರುಗಳು ಅದನ್ನು ಹೊರಲಾರದಾದವು.

ಭಾರ ಇಳಿಸುವ ದಾರಿ ಕಂಡದ್ದು 1993ರಲ್ಲಿ. ವೆಂಗ್‌ಯಿಕ್ ಯೋಂಗ್, ಟಿಮ್ ಹೌಸ್ ಮತ್ತು ಸ್ಟೀವ್ ಕಿಲ್ಲೆ ಎಂಬ ಮೂವರು ಅದೇ ಡೈರೆಕ್ಟರಿಯನ್ನು ಇಂಟರ್‌ನೆಟ್‌ನ ಸರಳ ದಾರಿಯಲ್ಲೇ ಮಾತನಾಡಿಸುವ ಹಗುರವಾದ ನಿಯಮಾವಳಿಯೊಂದನ್ನು ಪ್ರಕಟಿಸಿದರು. ಅದೇ 'ಎಲ್‌ಡ್ಯಾಪ್'. ಹೆಸರಿನಲ್ಲಿರುವ ಮೊದಲ ಅಕ್ಷರದ ಅರ್ಥವೇ 'ಹಗುರ' ಎಂದು. ಹೌಸ್ ಆಗ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದರು. ಹಳೆಯ ಆನೆಯ ನೆರವೇ ಇಲ್ಲದೆ ತನ್ನಷ್ಟಕ್ಕೆ ತಾನೇ ನಡೆಯುವ ಡೈರೆಕ್ಟರಿ ಸರ್ವರ್ ಕೂಡ ಅದೇ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಇಂದು ಬಳಕೆಯಲ್ಲಿರುವ ಅನೇಕ ಡೈರೆಕ್ಟರಿ ಸರ್ವರ್‌ಗಳ ವಂಶಾವಳಿಯನ್ನು ಹಿಡಿದು ಹೋದರೆ ಮಿಷಿಗನ್‌ಗೇ ತಲುಪುತ್ತೇವೆ.

ಅವುಗಳಲ್ಲಿ ಒಂದರ ಅಲೆದಾಟವಂತೂ ಕಥೆಯಂತಿದೆ. 1996ರಲ್ಲಿ ಹೌಸ್ ನೆಟ್‌ಸ್ಕೇಪ್ ಸಂಸ್ಥೆ ಸೇರಿದರು. ಅಲ್ಲಿ ನೆಟ್‌ಸ್ಕೇಪ್ ಡೈರೆಕ್ಟರಿ ಸರ್ವರ್ ಹುಟ್ಟಿತು. 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯೇ ಎಒಎಲ್ ಪಾಲಾಯಿತು. 2004ರಲ್ಲಿ ಈ ಡೈರೆಕ್ಟರಿ ತಂತ್ರಾಂಶವನ್ನು ರೆಡ್ ಹ್ಯಾಟ್ ಸಂಸ್ಥೆ ಕೊಂಡುಕೊಂಡಿತು. ಮರುವರ್ಷವೇ ಅದರ ಮೂಲ ಸಂಕೇತಗಳನ್ನು ಎಲ್ಲರಿಗೂ ಮುಕ್ತಗೊಳಿಸಿತು. 2009ರಲ್ಲಿ ಅದಕ್ಕೆ '389 ಡೈರೆಕ್ಟರಿ ಸರ್ವರ್' ಎಂಬ ಹೊಸ ನಾಮಕರಣವಾಯಿತು. ಏನಿದು 389? ಇಂಟರ್‌ನೆಟ್‌ನಲ್ಲಿ ಒಂದೊಂದು ಬಗೆಯ ಸೇವೆಗೆ ಒಂದೊಂದು ಬಾಗಿಲು ಸಂಖ್ಯೆ ಗೊತ್ತುಪಡಿಸಲಾಗಿದೆ. ಎಲ್‌ಡ್ಯಾಪ್ ಬಾಗಿಲಿನ ಸಂಖ್ಯೆ 389. ಒಡೆಯರು ಎಷ್ಟೇ ಬದಲಾದರೂ ಬಾಗಿಲಿನ ಸಂಖ್ಯೆ ಬದಲಾಗಲಿಲ್ಲ, ಹೆಸರೂ ಅದಕ್ಕೇ ಅಂಟಿಕೊಂಡಿತು.

ಅಡ್ಡಹೆಸರು ಎಲ್ಲಿ?

ಈ ಕಡತದೊಳಗೆ ಹೆಸರುಗಳು ಮರದ ಆಕಾರದಲ್ಲಿರುತ್ತವೆ. ಬುಡದಲ್ಲಿ ಸಂಸ್ಥೆ, ಕೊಂಬೆಗಳಲ್ಲಿ ವಿಭಾಗಗಳು, ತುದಿಯ ಎಲೆಗಳೇ ವ್ಯಕ್ತಿಗಳು. ಒಬ್ಬರ ಪೂರ್ಣ ಗುರುತನ್ನು ಅಂಚೆ ವಿಳಾಸದಂತೆ ಕೆಳಗಿನಿಂದ ಮೇಲಕ್ಕೆ ಬರೆಯಲಾಗುತ್ತದೆ. ಮೊದಲು ವ್ಯಕ್ತಿಯ ಹೆಸರು, ಆಮೇಲೆ ವಿಭಾಗ, ಕೊನೆಗೆ ಸಂಸ್ಥೆ. ಇಂಥ ಕಡತದಲ್ಲಿ ಬರೆಯುವುದು ಕಡಿಮೆ, ಓದುವುದು ಹೆಚ್ಚು. ಒಬ್ಬ ನೌಕರ ಕೆಲಸಕ್ಕೆ ಸೇರಿದಾಗ ಒಮ್ಮೆ ಬರೆದರೆ, ಅವನು ನಿವೃತ್ತನಾಗುವವರೆಗೆ ದಿನಕ್ಕೆ ಹತ್ತಾರು ಬಾರಿ ಓದಲಾಗುತ್ತದೆ. ಆದ್ದರಿಂದಲೇ ಡೈರೆಕ್ಟರಿ ಸರ್ವರ್‌ಗಳನ್ನು ಓದಿನ ವೇಗಕ್ಕೆ ಒಗ್ಗುವಂತೆ ಕಟ್ಟಲಾಗಿದೆ.

ಈ ಕಡತ ಎಲ್ಲಿ ಹುಟ್ಟಿತು ಎಂಬುದರ ಗುರುತು ಅದರ ನಿಯಮಗಳಲ್ಲೇ ಉಳಿದಿದೆ. ವ್ಯಕ್ತಿಯೊಬ್ಬನನ್ನು ಎಲ್‌ಡ್ಯಾಪ್ ಡೈರೆಕ್ಟರಿಗೆ ಸೇರಿಸಬೇಕಾದರೆ ಎರಡು ವಿವರಗಳು ಕಡ್ಡಾಯ. ಒಂದು ಆತನನ್ನು ಕರೆಯುವ ಹೆಸರು, ಇನ್ನೊಂದು ಅಡ್ಡಹೆಸರು. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರೆ ಸರ್ವರ್ ಒಪ್ಪುವುದೇ ಇಲ್ಲ. 1988ರ ಎಕ್ಸ್.500 ಕಾಲದಿಂದ ಬಂದ ಕಟ್ಟಳೆ ಇದು. ಯುರೋಪು ಅಮೆರಿಕಗಳವರಿಗೆ ಇದು ಸಮಸ್ಯೆಯೇ ಅಲ್ಲ. ಆದರೆ ನಮ್ಮಲ್ಲಿ? ಕುವೆಂಪು ಅವರ ಹೆಸರನ್ನೇ ತೆಗೆದುಕೊಳ್ಳಿ. 'ಕು' ಎಂದರೆ ಊರು ಕುಪ್ಪಳಿ, 'ವೆಂ' ಎಂದರೆ ತಂದೆ ವೆಂಕಟಪ್ಪ, 'ಪು' ಎಂದರೆ ಸ್ವಂತ ಹೆಸರಾದ ಪುಟ್ಟಪ್ಪ. ಇದರಲ್ಲಿ ಅಡ್ಡಹೆಸರು ಯಾವುದು? ಯಾವುದೂ ಅಲ್ಲ. ಹಳೆಯ ಮೈಸೂರಿನ ಕಡೆ ಇನಿಶಿಯಲ್ಲುಗಳಲ್ಲೇ ಬದುಕು ಸಾಗಿಸುವ ಸಾವಿರಾರು ಕನ್ನಡಿಗರು ಇಂಥ ಕಡತಗಳಲ್ಲಿ ತಂದೆಯ ಹೆಸರನ್ನೋ, ಒಂದೇ ಅಕ್ಷರವನ್ನೋ, ಕೆಲವೊಮ್ಮೆ ಬರೀ ಚುಕ್ಕೆಯನ್ನೋ ಅಡ್ಡಹೆಸರಾಗಿ ಹೊತ್ತುಕೊಂಡಿರುವುದು ಈ ಕಾರಣಕ್ಕೆ.

ಒಂದು ಸಮಾಧಾನವೂ ಉಂಟು. 1997ರ ಡಿಸೆಂಬರಿನಲ್ಲಿ ಬಂದ ಎಲ್‌ಡ್ಯಾಪ್‌ನ ಮೂರನೇ ಆವೃತ್ತಿ, ಯೂನಿಕೋಡ್ ಲಿಪಿ ಸಂಕೇತಗಳನ್ನು ಒಪ್ಪಿಕೊಂಡಿತು. ಹೀಗಾಗಿ ಕನ್ನಡದ ಹೆಸರನ್ನು ಕನ್ನಡ ಲಿಪಿಯಲ್ಲೇ ಡೈರೆಕ್ಟರಿಯಲ್ಲಿ ಬರೆಯಬಹುದು, ಹುಡುಕಬಹುದು. ಬರೆಯುವ ಮನಸ್ಸು ಬೇಕು, ಅಷ್ಟೆ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಡೈರೆಕ್ಟರಿಯಲ್ಲಿರುವುದು ಬರೀ ಅಂಕಿ ಅಂಶಗಳಲ್ಲ. ಮನುಷ್ಯರು ಯಾರ್ಯಾರು, ಅವರನ್ನು ಹೇಗೆ ಕರೆಯಬೇಕು, ಯಾರಿಗೆ ಯಾವ ಹಕ್ಕು ಎಂಬುದನ್ನು ವರ್ಷಾನುಗಟ್ಟಲೆ ಕುಳಿತು, ಒಬ್ಬೊಬ್ಬರನ್ನಾಗಿ ಸೇರಿಸಿ, ತಿದ್ದಿ ಮಾಡಿದ ದಾಖಲೆ. ತಂತ್ರಾಂಶ ಕಳೆದುಹೋದರೆ ಇನ್ನೊಂದು ಪ್ರತಿ ಸಿಗುತ್ತದೆ. ಈ ದಾಖಲೆ ಕಳೆದುಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ.

ಹಡಗಿನ ಪೆಟ್ಟಿಗೆಯಿಂದ ತಂತ್ರಾಂಶದ ಪೆಟ್ಟಿಗೆಗೆ

ಇನ್ನು ಪೆಟ್ಟಿಗೆಯ ವಿಚಾರ. ಕಂಟೇನರ್ ಎಂಬ ಹೆಸರು ಬಂದದ್ದು ಹಡಗು ಸಾಗಣೆಯಿಂದ. 1956ರ ಏಪ್ರಿಲ್ 26ರಂದು 'ಐಡಿಯಲ್ ಎಕ್ಸ್' ಎಂಬ ಹಡಗು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ಹ್ಯೂಸ್ಟನ್‌ಗೆ 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಆ ಯೋಜನೆಯ ಹಿಂದಿದ್ದವರು ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್. ಅದಕ್ಕೆ ಮೊದಲು ಮೂಟೆ, ಪೀಪಾಯಿ, ಬುಟ್ಟಿಗಳನ್ನು ಕೂಲಿಗಳು ಒಂದೊಂದಾಗಿ ಹಡಗಿಗೆ ಏರಿಸಬೇಕಿತ್ತು. ಮೆಕ್ಲೀನ್ ಲಾರಿಯ ಮೇಲಿನ ಪೆಟ್ಟಿಗೆಯನ್ನೇ ಇಡಿಯಾಗಿ ಎತ್ತಿ ಹಡಗಿನಲ್ಲಿಟ್ಟರು. ಒಳಗೆ ಏನಿದೆ ಎಂದು ಕ್ರೇನ್ ಕೇಳುವುದಿಲ್ಲ. ಪೆಟ್ಟಿಗೆಯ ಅಳತೆ ಒಂದೇ ಆಗಿದ್ದರೆ ಸಾಕು. ಜಗತ್ತಿನ ವ್ಯಾಪಾರದ ಸ್ವರೂಪವನ್ನೇ ಬದಲಿಸಿದ್ದು ಈ ಸರಳ ಯೋಚನೆ.

ತಂತ್ರಾಂಶದ ಲೋಕದಲ್ಲೂ ಮೂಟೆ ಬುಟ್ಟಿಗಳ ತಾಪತ್ರಯವೇ ಇತ್ತು. ಒಂದು ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯುವ ತಂತ್ರಾಂಶ ಇನ್ನೊಂದರಲ್ಲಿ ಮುಗ್ಗರಿಸುತ್ತದೆ. ಅದಕ್ಕೆ ಬೇಕಾದ ಸಹಾಯಕ ತಂತ್ರಾಂಶ ಅಲ್ಲಿ ಇರುವುದಿಲ್ಲ, ಇದ್ದರೂ ಬೇರೆ ಆವೃತ್ತಿಯದಾಗಿರುತ್ತದೆ. ಇದಕ್ಕೆ ಪರಿಹಾರವೆಂದರೆ ತಂತ್ರಾಂಶವನ್ನೂ, ಅದಕ್ಕೆ ಬೇಕಾದ ಎಲ್ಲ ಪರಿಕರಗಳನ್ನೂ ಒಂದೇ ಪೆಟ್ಟಿಗೆಗೆ ತುಂಬಿ ಕಳುಹಿಸುವುದು.

ಇದರ ಬೇರುಗಳು ಹಳೆಯವು. 1979ರ ಯೂನಿಕ್ಸ್‌ನಲ್ಲೇ ಒಂದು ತಂತ್ರಾಂಶಕ್ಕೆ ಕಂಪ್ಯೂಟರಿನ ಒಂದು ಮೂಲೆಯನ್ನಷ್ಟೇ ತೋರಿಸಿ ಅದೇ ಇಡೀ ಜಗತ್ತು ಎಂದು ನಂಬಿಸುವ ಉಪಾಯವಿತ್ತು. 2000ದಲ್ಲಿ ಫ್ರೀಬಿಎಸ್‌ಡಿ ಅದನ್ನು 'ಜೈಲು' ಎಂಬ ಹೆಸರಿನಲ್ಲಿ ಬಿಗಿಗೊಳಿಸಿತು. ಒಂದೊಂದು ಗುಂಪಿಗೆ ಇಷ್ಟೇ ಸ್ಮೃತಿ, ಇಷ್ಟೇ ಸಂಸ್ಕಾರಕ ಎಂದು ಪಡಿತರ ಹಂಚುವ ಏರ್ಪಾಡನ್ನು ಗೂಗಲ್‌ನ ಎಂಜಿನಿಯರುಗಳು ಬರೆದರು; ಅದು 2008ರಲ್ಲಿ ಲಿನಕ್ಸ್‌ಗೆ ಸೇರಿತು. ಈ ಬಿಡಿ ಭಾಗಗಳನ್ನು ಸಾಮಾನ್ಯ ತಂತ್ರಜ್ಞನ ಕೈಗೆಟುಕುವಂತೆ ಜೋಡಿಸಿದ್ದು 'ಡಾಕರ್'. 2013ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಸಾಲೊಮನ್ ಹೈಕ್ಸ್ ಐದೇ ನಿಮಿಷಗಳ ಭಾಷಣದಲ್ಲಿ ಅದನ್ನು ಮೊದಲ ಬಾರಿಗೆ ತೋರಿಸಿದರು. ಪೆಟ್ಟಿಗೆಗಳನ್ನು ಬೆನ್ನ ಮೇಲೆ ಹೊತ್ತ ತಿಮಿಂಗಿಲ ಅದರ ಲಾಂಛನ.

ಕಂಪ್ಯೂಟರಿನೊಳಗೆ ಪೂರ್ತಿ ಇನ್ನೊಂದು ಕಂಪ್ಯೂಟರನ್ನೇ ಅಣಕಿಸುವ ಹಳೆಯ ವಿಧಾನಕ್ಕೂ ಕಂಟೇನರಿಗೂ ಇರುವ ವ್ಯತ್ಯಾಸವನ್ನು ಬೆಂಗಳೂರು ಮೈಸೂರಿನ ವಠಾರ ಕಂಡವರು ಸುಲಭವಾಗಿ ಗ್ರಹಿಸಬಹುದು. ಹಳೆಯ ವಿಧಾನವೆಂದರೆ ಪ್ರತಿಯೊಬ್ಬರಿಗೂ ಬೇರೆ ನಿವೇಶನ, ಬೇರೆ ಬಾವಿ, ಬೇರೆ ಕಾಂಪೌಂಡು. ಕಂಟೇನರ್ ಎಂದರೆ ವಠಾರ. ಒಬ್ಬೊಬ್ಬರಿಗೆ ಒಂದೊಂದು ಮನೆ, ಒಳಗಿನ ಸಂಸಾರ ಅವರವರದು, ಆದರೆ ಬಾವಿ ಮತ್ತು ಹೆಬ್ಬಾಗಿಲು ಎಲ್ಲರಿಗೂ ಒಂದೇ. ಬಾವಿಯೆಂದರೆ ಇಲ್ಲಿ ಲಿನಕ್ಸ್‌ನ ತಿರುಳು. ಖರ್ಚು ಕಡಿಮೆ, ಜಾಗ ಉಳಿತಾಯ, ಬಾಡಿಗೆದಾರರನ್ನು ಬದಲಿಸುವುದೂ ಸುಲಭ.

ಪಾರದರ್ಶಕ ಹಾಳೆಯ ಮೇಲಿನ ಬರಹ

ಆ ಕೊನೆಯ ಮಾತಿನಲ್ಲೇ ತೊಡಕಿರುವುದು. ಕಂಟೇನರಿನ ಒಡಲು ಎರಡು ಪದರಗಳದ್ದು. ಕೆಳಗಿನದು ಅಚ್ಚಾದ ಪುಸ್ತಕದಂತೆ, ಅದನ್ನು ತಿದ್ದುವಂತಿಲ್ಲ. ಅದರ ಮೇಲೆ ಒಂದು ತೆಳುವಾದ ಪಾರದರ್ಶಕ ಹಾಳೆ ಹಾಸಿರುತ್ತದೆ. ತಂತ್ರಾಂಶ ಏನು ಬರೆದರೂ ಆ ಹಾಳೆಯ ಮೇಲೆಯೇ. ಕಂಟೇನರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಹಾಳೆ ಹಾಗೆಯೇ ಇರುತ್ತದೆ. ಆದರೆ ಕಂಟೇನರನ್ನು ಅಳಿಸಿದರೆ ಹಾಳೆಯೂ ಅದರೊಂದಿಗೆ ಕಸದ ಬುಟ್ಟಿ ಸೇರುತ್ತದೆ.

ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಕಂಟೇನರ್ ಪದ್ಧತಿಯಲ್ಲಿ ಹಳೆಯದನ್ನು ರಿಪೇರಿ ಮಾಡುವುದಿಲ್ಲ. ಹಳೆಯ ಪೆಟ್ಟಿಗೆಯನ್ನು ಅಳಿಸಿ ಹೊಸ ಪೆಟ್ಟಿಗೆ ಇಡುತ್ತಾರೆ. ಲೆಕ್ಕ ಕೂಡುವ, ಪುಟ ತೋರಿಸುವ ತಂತ್ರಾಂಶಗಳಿಗೆ ಇದರಿಂದ ನಷ್ಟವೇನೂ ಇಲ್ಲ. ಡೈರೆಕ್ಟರಿ ಸರ್ವರ್ ತನ್ನ ಹೆಸರುಗಳನ್ನೆಲ್ಲ ಆ ಪಾರದರ್ಶಕ ಹಾಳೆಯ ಮೇಲೆ ಬರೆದಿದ್ದರೆ ಮಾತ್ರ ಸಂಸ್ಥೆಯ ಸಮಸ್ತ ಸಿಬ್ಬಂದಿಯೂ ಒಂದೇ ಆಜ್ಞೆಯಲ್ಲಿ ಮಾಯವಾಗುತ್ತಾರೆ. ಅದೂ ಅಪಘಾತದ ದಿನದಲ್ಲಲ್ಲ, ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದುಕೊಂಡು ಆವೃತ್ತಿ ಬದಲಿಸುವ ದಿನದಲ್ಲಿ.

ಈ ಪದ್ಧತಿಯವರು ತಮ್ಮ ತತ್ವವನ್ನು ಒಂದು ಹೋಲಿಕೆಯಲ್ಲಿ ಹೇಳುತ್ತಾರೆ. ಸರ್ವರ್‌ಗಳನ್ನು ಮನೆಯ ಮುದ್ದಿನ ಪ್ರಾಣಿಯಂತೆ ಹೆಸರಿಟ್ಟು ಸಾಕಬೇಡಿ, ದನದ ಮಂದೆಯಂತೆ ಎಣಿಕೆಯಲ್ಲಿ ನೋಡಿ, ಒಂದು ಹೋದರೆ ಇನ್ನೊಂದು ಎಂಬುದು ಅದರ ಸಾರ. ಅಮೆರಿಕದ ದೊಡ್ಡ ದನದ ಹಟ್ಟಿಗಳಿಗೆ ಒಪ್ಪುವ ಈ ಹೋಲಿಕೆ, ಗೊಲ್ಲ ಕಾಳಿಂಗ ಮಂದೆಯ ಒಂದೊಂದು ಹಸುವನ್ನೂ ಹೆಸರಿಡಿದು ಕರೆಯುವ ಗೋವಿನ ಹಾಡನ್ನು ಕೇಳಿ ಬೆಳೆದವರಿಗೆ ಅಷ್ಟಾಗಿ ರುಚಿಸಲಾರದು. ಡೈರೆಕ್ಟರಿಯಂಥ ತಂತ್ರಾಂಶಕ್ಕೂ ಅದು ಒಪ್ಪಲಿಲ್ಲ. ನೂರಾರು ಕಂಟೇನರುಗಳನ್ನು ಮೇಯಿಸುವ 'ಕುಬರ್ನೆಟೀಸ್' ವ್ಯವಸ್ಥೆಯೇ 2016ರಲ್ಲಿ ಸೋಲೊಪ್ಪಿ, ನೆನಪುಳ್ಳ ತಂತ್ರಾಂಶಗಳಿಗಾಗಿ ಪ್ರತ್ಯೇಕ ಏರ್ಪಾಡು ಮಾಡಿತು. ಅದರಲ್ಲಿ ಪ್ರತಿ ಪೆಟ್ಟಿಗೆಗೂ ಬದಲಾಗದ ಹೆಸರು, ಅದಕ್ಕೇ ಮೀಸಲಾದ ಉಗ್ರಾಣ. ಆ ಏರ್ಪಾಡಿಗೆ ಮೊದಲು ಇಟ್ಟ ಹೆಸರಿನ ಅರ್ಥವೇ 'ಸಾಕುಪ್ರಾಣಿಗಳ ಗುಂಪು'. ಆ ವರ್ಷದ ಕೊನೆಗೆ ಹೆಸರು ಬದಲಾಯಿತು, ಏರ್ಪಾಡು ಉಳಿಯಿತು.

ಕಡತ ಹೊರಗೆ, ಬರೆಯುವವನು ಒಳಗೆ

ಹಾಗಾದರೆ ಪರಿಹಾರವೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ಬರೆಯುವವನನ್ನು ಪೆಟ್ಟಿಗೆಯೊಳಗೆ ಕೂರಿಸಿ ಕಡತವನ್ನು ಹೊರಗಿಡುವುದು. ಫೈಲ್ ಎಂಬ ಪದಕ್ಕೆ ಕನ್ನಡದ ಕಂಪ್ಯೂಟರ್ ಪರಿಭಾಷೆಯಲ್ಲಿ 'ಕಡತ' ಎಂಬ ಮಾತು ಬಳಕೆಗೆ ಬಂದಿದೆ. ಹಿಂದೆ ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲು ಬಳಿದು ಮಡಿಸಿಟ್ಟು, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಡತ ಅದು. ಶಾನುಭೋಗರು ಬದಲಾಗುತ್ತಿದ್ದರು, ಕಡತ ಊರಿನ ಲೆಕ್ಕವನ್ನು ಹೊತ್ತು ಮುಂದಿನವರ ಕೈ ಸೇರುತ್ತಿತ್ತು. ಪೆಟ್ಟಿಗೆಯೊಳಗಿನ ಡೈರೆಕ್ಟರಿಗೂ ಇದೇ ನಿಯಮ ಬೇಕು.

389 ಡೈರೆಕ್ಟರಿ ಸರ್ವರಿನ ಕಂಟೇನರ್ ಆವೃತ್ತಿಯಲ್ಲಿ ಇದನ್ನು ಸೊಗಸಾಗಿ ಅಳವಡಿಸಲಾಗಿದೆ. ಅದರ ಸಂರಚನೆ, ಹೆಸರುಗಳ ಭಂಡಾರ, ಗೋಪ್ಯತೆಯ ಪ್ರಮಾಣಪತ್ರಗಳು ಎಲ್ಲವೂ 'ಡೇಟಾ' ಎಂಬ ಒಂದೇ ಕೋಶದಲ್ಲಿರುತ್ತವೆ. ಆ ಕೋಶವನ್ನು ಹೊರಗಿನ ಶಾಶ್ವತ ಉಗ್ರಾಣಕ್ಕೆ ಜೋಡಿಸಿದರಾಯಿತು. ಪೆಟ್ಟಿಗೆ ಅಳಿದು ಹೊಸದು ಬಂದಾಗ ಅದು ಕೋಶವನ್ನು ನೋಡುತ್ತದೆ, ಹಳೆಯ ಹೆಸರುಗಳು ಕಂಡರೆ ಅವುಗಳಿಂದಲೇ ಕೆಲಸ ಮುಂದುವರಿಸುತ್ತದೆ. ಬಾಗಿಲಿನ ಸಂಖ್ಯೆ ಮಾತ್ರ ಪೆಟ್ಟಿಗೆಯೊಳಗೆ 3389. 1024ಕ್ಕಿಂತ ಕೆಳಗಿನ ಬಾಗಿಲುಗಳನ್ನು ತೆರೆಯಲು ಯೂನಿಕ್ಸ್ ಸಂಪ್ರದಾಯದಲ್ಲಿ ವಿಶೇಷ ಅಧಿಕಾರ ಬೇಕು. ಸಾಕ್ಷಿ ಹೇಳುವ ಸೇವಕನಿಗೆ ಅಷ್ಟೊಂದು ಅಧಿಕಾರ ಕೊಡದಿರುವುದೇ ಕ್ಷೇಮ.

ಎಚ್ಚರ ತಪ್ಪಬಾರದ ಕಡೆಗಳೂ ಇವೆ. ಮೊದಲನೆಯದು, ಕೋಶ ಖಾಲಿಯಿದ್ದರೆ ಸರ್ವರ್ ದೂರುವುದಿಲ್ಲ. ಇದು ಹೊಸ ಸಂಸಾರವೆಂದು ತಿಳಿದು ಹೆಸರೇ ಇಲ್ಲದ ಹೊಸ ಡೈರೆಕ್ಟರಿಯೊಂದನ್ನು ಹೂಡಿ ಕುಳಿತುಬಿಡುತ್ತದೆ. ಉಗ್ರಾಣವನ್ನು ಜೋಡಿಸುವಾಗ ಒಂದಕ್ಷರ ತಪ್ಪಿದರೆ ಸಾಕು. ದೀಪ ಉರಿಯುತ್ತಿರುತ್ತದೆ, ಬಾಗಿಲು ತೆರೆದಿರುತ್ತದೆ, ಆದರೆ ಕೇಳಿದ ಯಾವ ಹೆಸರಿಗೂ 'ಇಲ್ಲ' ಎಂದೇ ಉತ್ತರ ಬರುತ್ತದೆ.

ಎರಡನೆಯದು, ನಿಲ್ಲಿಸುವ ರೀತಿ. ನಿಲ್ಲು ಎಂದು ಹೇಳಿದ ಮೇಲೆ ಡಾಕರ್ ಸಾಮಾನ್ಯವಾಗಿ 10 ಸೆಕೆಂಡು ಕಾಯುತ್ತದೆ, ಕುಬರ್ನೆಟೀಸ್ 30 ಸೆಕೆಂಡು. ಅಷ್ಟರಲ್ಲಿ ನಿಲ್ಲದಿದ್ದರೆ ಕತ್ತು ಹಿಸುಕುತ್ತವೆ. ದೊಡ್ಡ ಡೈರೆಕ್ಟರಿಗೆ ಕೈಯಲ್ಲಿರುವ ಬರಹವನ್ನು ಕಡತಕ್ಕೆ ಇಳಿಸಲು ಇನ್ನಷ್ಟು ಸಮಯ ಬೇಕಾಗಬಹುದು. ಆ ಗಡುವನ್ನು ಮೊದಲೇ ಹೆಚ್ಚಿಸಿಡಬೇಕು.

ಮೂರನೆಯದು, ಒಂದೇ ಕಡತವನ್ನು ಒಟ್ಟಿಗೆ ಇಬ್ಬರು ಬರೆಯಬಾರದು. ಎರಡು ಪೆಟ್ಟಿಗೆಗಳು ಬೇಕೆಂದರೆ ಎರಡಕ್ಕೂ ಬೇರೆ ಬೇರೆ ಉಗ್ರಾಣ ಕೊಟ್ಟು, ಒಬ್ಬರ ಬರಹವನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳುವಂತೆ ಏರ್ಪಡಿಸಬೇಕು. ನಾಲ್ಕನೆಯದು ಗುಟ್ಟಿನ ವಿಚಾರ. ಡೈರೆಕ್ಟರಿಯ ಮೇಲಧಿಕಾರಿಯ ಪಾಸ್‌ವರ್ಡನ್ನು ಪೆಟ್ಟಿಗೆಯ ಅಚ್ಚಿನಲ್ಲೇ ಬರೆದಿಟ್ಟರೆ, ಅಚ್ಚಿನ ಪ್ರತಿ ಯಾರಿಗೆ ಸಿಕ್ಕಿದರೂ ಊರಿನ ಬೀಗದಕೈ ಅವರಿಗೆ ಸಿಕ್ಕಂತೆಯೇ.

ಘಾನಾದಲ್ಲಿ ಕರೆಂಟು ಹೋಗಿದ್ದರಿಂದ

ನಕಲುಗಳ ಮಾತು ಬಂತು. ನಾಲ್ಕಾರು ಕಡೆ ನಕಲುಗಳಿದ್ದ ಮೇಲೆ ಇನ್ನೇನು ಭಯ ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ ಹಡಗಿನ ಕಂಟೇನರುಗಳ ಲೋಕದಲ್ಲೇ ನಡೆದ ಒಂದು ಘಟನೆಯಲ್ಲಿದೆ. ಅಲ್ಲಿದ್ದ ಡೈರೆಕ್ಟರಿ ಮೈಕ್ರೋಸಾಫ್ಟ್‌ನದು, ಅದು ತಂತ್ರಾಂಶದ ಪೆಟ್ಟಿಗೆಯಲ್ಲಿ ಇರಲಿಲ್ಲ. ಆದರೆ ಪಾಠ ಎಲ್ಲ ಡೈರೆಕ್ಟರಿಗಳಿಗೂ ಅನ್ವಯಿಸುವಂಥದು.

2017ರ ಜೂನ್ 27ರಂದು 'ನಾಟ್‌ಪೆಟ್ಯಾ' ಎಂಬ ವಿನಾಶಕಾರಿ ತಂತ್ರಾಂಶ ಉಕ್ರೇನಿನಲ್ಲಿ ಕಾಣಿಸಿಕೊಂಡು ಜಗತ್ತಿಗೆಲ್ಲ ಹಬ್ಬಿತು. ಅಂದು ಪ್ರಪಂಚದ ಅತಿದೊಡ್ಡ ಕಂಟೇನರ್ ಹಡಗು ಸಂಸ್ಥೆಯಾಗಿದ್ದ ಡೆನ್ಮಾರ್ಕಿನ ಮೇರ್ಸ್ಕ್ ಅದರ ಬಾಯಿಗೆ ಸಿಕ್ಕಿತು. ಬಂದರುಗಳಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ಮುಂಬೈ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್ ಕೂಡ ಸ್ತಬ್ಧವಾಯಿತು.

ಮೇರ್ಸ್ಕ್‌ನ ಡೈರೆಕ್ಟರಿ ಜಗತ್ತಿನ ನಾನಾ ಕಡೆ ಸುಮಾರು 150 ಸರ್ವರುಗಳಲ್ಲಿ ನಡೆಯುತ್ತಿತ್ತು. ಪ್ರತಿಯೊಂದೂ ಉಳಿದವುಗಳ ನಕಲು. ಒಂದು ಹಾಳಾದರೆ ಇನ್ನೊಂದರಿಂದ ಮತ್ತೆ ಕಟ್ಟಬಹುದೆಂಬುದು ಲೆಕ್ಕಾಚಾರ. ಎಲ್ಲವೂ ಒಂದೇ ಹೊತ್ತಿಗೆ ಹಾಳಾದರೆ ಎಂಬ ಪ್ರಶ್ನೆಯನ್ನು ಯಾರೂ ಕೇಳಿಕೊಂಡಿರಲಿಲ್ಲ. ಆದದ್ದು ಅದೇ. ಉಳಿದ ಸರ್ವರುಗಳ ಕೆಲವು ದಿನ ಹಳೆಯ ಪ್ರತಿಗಳು ಸಿಕ್ಕಿದವು. ಡೈರೆಕ್ಟರಿಯ ಪ್ರತಿ ಮಾತ್ರ ಎಲ್ಲಿಯೂ ಸಿಗಲಿಲ್ಲ. ಯಾರು ಯಾರೆಂದು ಹೇಳುವವರೇ ಇಲ್ಲದ ಮೇಲೆ ಉಳಿದದ್ದೆಲ್ಲ ಇದ್ದರೂ ಬಾಗಿಲು ತೆರೆಯುವುದು ಹೇಗೆ?

ಕೊನೆಗೆ ಪತ್ತೆಯಾದದ್ದು ಪಶ್ಚಿಮ ಆಫ್ರಿಕದ ಘಾನಾದಲ್ಲಿದ್ದ ಒಂದೇ ಒಂದು ಸರ್ವರ್. ದಾಳಿಗೆ ಸ್ವಲ್ಪ ಮೊದಲು ಅಲ್ಲಿ ವಿದ್ಯುತ್ ಕಡಿತವಾಗಿ ಅದು ಜಾಲದಿಂದ ಕಳಚಿಕೊಂಡಿತ್ತು. ಅಲ್ಲಿನ ಸಂಪರ್ಕ ಎಷ್ಟು ನಿಧಾನವೆಂದರೆ ಆ ಕಡತವನ್ನು ತಂತಿಯ ಮೂಲಕ ಕಳುಹಿಸಲು ದಿನಗಳೇ ಹಿಡಿಯುತ್ತಿದ್ದವು. ಘಾನಾದ ಸಿಬ್ಬಂದಿಗೆ ಬ್ರಿಟನ್ನಿನ ವೀಸಾ ಇರಲಿಲ್ಲ. ಅವರಲ್ಲೊಬ್ಬರು ನೈಜೀರಿಯಾಕ್ಕೆ ಹೋಗಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬ ಸಹೋದ್ಯೋಗಿಯ ಕೈಗೆ ಹಾರ್ಡ್ ಡಿಸ್ಕ್ ಒಪ್ಪಿಸಿದರು. ಆತ ಅದನ್ನು ಲಂಡನ್ನಿಗೆ ಒಯ್ದರು. ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಮತ್ತೆ ಕಟ್ಟಿದೆವು ಎಂದು ಮೇರ್ಸ್ಕ್‌ನ ಅಧ್ಯಕ್ಷರು 2018ರ ಜನವರಿಯಲ್ಲಿ ದಾವೋಸ್ ಸಮಾವೇಶದಲ್ಲಿ ಹೇಳಿದರು. ಯಂತ್ರಗಳನ್ನೂ ತಂತ್ರಾಂಶವನ್ನೂ ಹತ್ತು ದಿನಗಳಲ್ಲಿ ಕಟ್ಟಬಹುದಾಯಿತು. ಹೆಸರುಗಳ ಕಡತವನ್ನು ಮಾತ್ರ ಕಟ್ಟಲಾಗಲಿಲ್ಲ, ಹುಡುಕಿ ತರಬೇಕಾಯಿತು.

ನಕಲು ಬೇರೆ, ಕಾಪಿಟ್ಟ ಪ್ರತಿ ಬೇರೆ ಎಂಬುದನ್ನು ಈ ಘಟನೆ ಸಾರುತ್ತದೆ. ನಕಲು ಮಾಡುವ ಸರ್ವರುಗಳು ಒಳ್ಳೆಯದನ್ನು ಹಂಚಿಕೊಳ್ಳುವಷ್ಟೇ ವೇಗವಾಗಿ ಕೆಟ್ಟದ್ದನ್ನೂ ಹಂಚಿಕೊಳ್ಳುತ್ತವೆ. ಒಬ್ಬ ಗುಮಾಸ್ತ ಕೈತಪ್ಪಿ ಒಂದು ವಿಭಾಗವನ್ನೇ ಅಳಿಸಿದರೆ, ಕ್ಷಣಾರ್ಧದಲ್ಲಿ ಅದು ಎಲ್ಲ ನಕಲುಗಳಲ್ಲೂ ಅಳಿಯುತ್ತದೆ. ಜಾಲದಿಂದ ದೂರವಿಟ್ಟ, ನಿನ್ನೆಯದೋ ಮೊನ್ನೆಯದೋ ಆದ ಪ್ರತಿಯೊಂದು ಇರಲೇಬೇಕು. ಅದನ್ನೂ ಸರ್ವರ್ ಬರೆಯುತ್ತಿರುವಾಗಲೇ ಕಡತವನ್ನು ಎತ್ತಿ ನಕಲಿಸಿದರೆ ಅರ್ಧ ವಾಕ್ಯದಲ್ಲಿ ನಿಂತ ಪುಟ ಸಿಗಬಹುದು. ಡೈರೆಕ್ಟರಿಗಳು ತಮ್ಮೆಲ್ಲ ಹೆಸರುಗಳನ್ನು ಸಾದಾ ಪಠ್ಯರೂಪದಲ್ಲಿ ಹೊರಗೆ ಬರೆದುಕೊಡುವ ಸೌಲಭ್ಯ ಹೊಂದಿವೆ. ಅದನ್ನೇ ಬಳಸುವುದು ಉಚಿತ.

ಎಸೆಯುವ ಪೆಟ್ಟಿಗೆಯ ಉಪಕಾರ

ಇಷ್ಟು ತಾಪತ್ರಯವಿದ್ದ ಮೇಲೆ ಡೈರೆಕ್ಟರಿಯನ್ನು ಪೆಟ್ಟಿಗೆಯಲ್ಲಿಡುವ ಗೋಜೇಕೆ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಗಟ್ಟಿಯಾದ ಒಂದು ಯಂತ್ರದಲ್ಲಿ ಹತ್ತು ವರ್ಷ ಅಲುಗದೆ ನಡೆದ ಡೈರೆಕ್ಟರಿಗಳೂ ಉಂಟು. ಆದರೆ ಅಂಥ ಕಡೆ ಕಾಪಿಟ್ಟ ಪ್ರತಿಯಿಂದ ಮತ್ತೆ ಡೈರೆಕ್ಟರಿ ಕಟ್ಟಲು ಬರುತ್ತದೆಯೇ ಎಂದು ಪರೀಕ್ಷಿಸಬೇಕೆಂದರೆ ಇನ್ನೊಂದು ಯಂತ್ರ ತರಬೇಕು, ಅದಕ್ಕೆ ತಂತ್ರಾಂಶ ಹಾಕಬೇಕು, ಹೊಂದಿಸಬೇಕು. ದಿನಗಳ ಕೆಲಸ. ಹೀಗಾಗಿ ಪರೀಕ್ಷೆಯನ್ನು ಮುಂದೂಡುವುದೇ ಹೆಚ್ಚು. ಪ್ರತಿ ಇದೆ ಎಂಬ ನಂಬಿಕೆಯಲ್ಲೇ ವರ್ಷಗಳು ಉರುಳುತ್ತವೆ.

ಪೆಟ್ಟಿಗೆಯಿದ್ದರೆ ಅದು ನಿಮಿಷಗಳ ಕೆಲಸ. ಹೊಸ ಪೆಟ್ಟಿಗೆಯೊಂದನ್ನು ಎಬ್ಬಿಸಿ, ಖಾಲಿ ಕೋಶ ಕೊಟ್ಟು, ಕಾಪಿಟ್ಟ ಪ್ರತಿಯನ್ನು ತುಂಬಿ, ಗೊತ್ತಿರುವ ಹತ್ತು ಹೆಸರುಗಳನ್ನು ಕೇಳಿ ನೋಡುವುದು. ಹತ್ತಕ್ಕೂ ಉತ್ತರ ಬಂದರೆ ಪ್ರತಿ ಸರಿಯಿದೆ. ಬಾರದಿದ್ದರೆ ಸರಿಪಡಿಸಲು ಇನ್ನೂ ಸಮಯವಿದೆ. ಪರೀಕ್ಷೆ ಮುಗಿದ ಮೇಲೆ ಪೆಟ್ಟಿಗೆಯನ್ನು ಎಸೆದುಬಿಡಬಹುದು. ಮರೆಯುವ ಗುಣ ಅಲ್ಲಿ ದೋಷವಲ್ಲ, ಉಪಕಾರ.

ಆದ್ದರಿಂದ ಕಾಲೇಜಿನದೋ, ಸಹಕಾರಿ ಬ್ಯಾಂಕಿನದೋ, ಆಸ್ಪತ್ರೆಯದೋ ಹೆಸರುಗಳ ಕಡತವನ್ನು ನೋಡಿಕೊಳ್ಳುವವರನ್ನು ಕೇಳಬೇಕಾದ ಪ್ರಶ್ನೆ 'ಡೈರೆಕ್ಟರಿ ಪೆಟ್ಟಿಗೆಯಲ್ಲಿದೆಯೇ, ಯಂತ್ರದಲ್ಲಿದೆಯೇ' ಎಂಬುದಲ್ಲ. 'ಕಾಪಿಟ್ಟ ಪ್ರತಿಯಿಂದ ಕೊನೆಯ ಬಾರಿ ಯಾವಾಗ ಮತ್ತೆ ಕಟ್ಟಿ ನೋಡಿದಿರಿ' ಎಂದು ಕೇಳಬೇಕು. ದಿನಾಂಕ ಹೇಳಿ ಉತ್ತರಿಸಿದರೆ ಆ ಸಂಸ್ಥೆಯ ಜನರ ಹೆಸರುಗಳು ಸುರಕ್ಷಿತವಾಗಿವೆಯೆಂದು ನಂಬಬಹುದು. ಕಾರಣಗಳು ಬಂದರೆ, ಅಂದೇ ಸಂಜೆ ಕಟ್ಟಿ ನೋಡುವುದು ಒಳಿತು.